ಪರ್ಕಳದ ಆಕಾಶದಲ್ಲಿರುವುದು ಆರು ಸೆಂಟಿಮೀಟರ್ ನೀರು

ಪ್ರಶ್ನೆ: 2023ರ ಜೂನ್ ಮೊದಲ ವಾರ ಪರ್ಕಳದಲ್ಲಿ ಸೆಕೆಯೆಂದರೆ ಸೆಕೆ. ಒಗೆದು ಹಾಕಿದ ಬಟ್ಟೆ ಸಂಜೆಯಾದರೂ ಸರಿಯಾಗಿ ಒಣಗುತ್ತಿರಲಿಲ್ಲ. ಗಾಳಿಯಲ್ಲಿ ಅಷ್ಟು ತೇವ ಇದ್ದರೂ ಮಳೆ ಇಲ್ಲ, ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡಿತ್ತು. 2020ರ ಸೆಪ್ಟೆಂಬರಿನಲ್ಲಾದರೆ ಒಂದು ರಾತ್ರಿಯ ಮಳೆಗೆ ಉಡುಪಿಯ ತಗ್ಗು ಜಾಗವೆಲ್ಲ ನೆರೆ. ಅಷ್ಟು ನೀರು ಆಕಾಶದಲ್ಲಿ ಎಲ್ಲಿತ್ತು? ಒಂದು ವರ್ಷ ಬರುವ ಮಳೆ ಇನ್ನೊಂದು ವರ್ಷ ಎಲ್ಲಿಗೆ ಹೋಗುತ್ತದೆ? ಘಟ್ಟದ ಕಾಡು ಕಡಿಮೆಯಾದದ್ದೇ ಇದಕ್ಕೆಲ್ಲ ಕಾರಣವೆ?
– ಓದುಗರೊಬ್ಬರು, ಪರ್ಕಳ

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದನ್ನೇ ಮೊದಲು ಹಿಡಿಯುತ್ತೇನೆ, ಏಕೆಂದರೆ ಅದರ ಉತ್ತರ ಗೊತ್ತಾದರೆ ಉಳಿದೆರಡು ಅರ್ಧ ಬಿಡಿಸಿದಂತೆಯೇ. ಅಷ್ಟು ನೀರು ಆಕಾಶದಲ್ಲಿ ಎಲ್ಲಿತ್ತು ಎಂದರೆ, ನಿಮ್ಮ ಊರಿನ ಆಕಾಶದಲ್ಲಿ ಅದು ಇರಲೇ ಇಲ್ಲ.

ಆಟಿ ತಿಂಗಳ ಒಂದು ಮಳೆಯ ದಿನ ನೀವು ಪರ್ಕಳ ಪೇಟೆಯಲ್ಲಿ ಕೊಡೆ ಹಿಡಿದು ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಕೊಡೆಯ ತುದಿಯಿಂದ ವಾತಾವರಣದ ಕೊನೆಯವರೆಗಿನ ಗಾಳಿಯಲ್ಲಿರುವ ನೀರಾವಿಯನ್ನು ಒಂದು ಹನಿಯೂ ಬಿಡದೆ ನೆಲಕ್ಕೆ ಇಳಿಸಿದರೆ ನಿಲ್ಲುವ ನೀರು ಸುಮಾರು 6 ಸೆಂಟಿಮೀಟರ್. ಪಾದ ಮುಳುಗಲೂ ಸಾಲದು. ಅದೂ ನಮ್ಮ ಮಳೆಗಾಲದ ಗಾಳಿ ಜಗತ್ತಿನ ಅತಿ ತೇವದ ಗಾಳಿಗಳಲ್ಲಿ ಒಂದಾದ್ದರಿಂದ. ಭೂಮಿಯ ಒಟ್ಟು ಸರಾಸರಿ ತೆಗೆದರೆ ಎರಡೂವರೆ ಸೆಂಟಿಮೀಟರ್ ಮಾತ್ರ. ಇದು ಅಳತೆ ಮಾಡಿ ತಿಳಿದದ್ದು. ಮಂಗಳೂರಿನ ಪಣಂಬೂರಿನಿಂದ ಹವಾಮಾನ ಇಲಾಖೆ ಹಾರಿಸುವ ಬಲೂನು ಮೇಲೇರುತ್ತ ಆಯಾ ಎತ್ತರದ ಉಷ್ಣತೆ, ತೇವಾಂಶ, ಗಾಳಿಗಳನ್ನು ರೇಡಿಯೋ ಮೂಲಕ ಕೆಳಗೆ ಕಳುಹಿಸುತ್ತದೆ. 2024ರ ಫೆಬ್ರವರಿಯಲ್ಲಿ ಕಕ್ಷೆಗೆ ಏರಿದ ಇನ್ಸಾಟ್-3ಡಿಎಸ್‌ನಂಥ ಉಪಗ್ರಹಗಳು ಅದನ್ನೇ ಮೇಲಿನಿಂದ ನೋಡುತ್ತವೆ.

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 4 ಮೀಟರಿಗೂ ಹೆಚ್ಚು. ಆಗುಂಬೆಯಲ್ಲಿ 7 ಮೀಟರ್ ದಾಟುತ್ತದೆ. ಮೇಲೆ ಇರುವುದು 6 ಸೆಂಟಿಮೀಟರ್, ಬೀಳುವುದು 400 ಸೆಂಟಿಮೀಟರ್! ಇದು ಸಾಧ್ಯವಾಗಬೇಕಾದರೆ ನಿಮ್ಮ ತಲೆಯ ಮೇಲಿನ ಗಾಳಿ ಒಂದೇ ಸಮನೆ ಬದಲಾಗುತ್ತಿರಬೇಕು, ಹೊಸ ಆವಿ ಬರುತ್ತಲೇ ಇರಬೇಕು. ಆಕಾಶವನ್ನು ನೀರು ತುಂಬಿಟ್ಟ ಕೆರೆಯೆಂದು ತಿಳಿಯದೆ ಹರಿಯುವ ಹೊಳೆಯೆಂದು ತಿಳಿದರೆ ಮಳೆಯ ನಡತೆ ಅರ್ಥವಾಗತೊಡಗುತ್ತದೆ. ಕಡಲಿನಿಂದ ಆವಿಯಾಗಿ ಎದ್ದ ನೀರಿನ ಕಣ ಗಾಳಿಯಲ್ಲಿ ಇರುವುದು ಸರಾಸರಿ ಎಂಟು ಹತ್ತು ದಿನ. ಅಷ್ಟರಲ್ಲಿ ಅದು ಸಾವಿರಾರು ಕಿಲೋಮೀಟರ್ ದೂರ ಹೋಗಿ ಎಲ್ಲೋ ಬೀಳುತ್ತದೆ.

ಈ ಹೊಳೆಯ ಗಾತ್ರ ಎಷ್ಟು? ನಾವೇ ಒಂದು ಲೆಕ್ಕ ಮಾಡಬಹುದು. ಜಿಲ್ಲೆಯ ಕರಾವಳಿ ಉತ್ತರ ದಕ್ಷಿಣವಾಗಿ ಸುಮಾರು 100 ಕಿಲೋಮೀಟರ್. ಅದರ ಮೇಲೆ 6 ಸೆಂಟಿಮೀಟರ್ ನೀರಿಗೆ ಸಮನಾದ ಆವಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಪಡುವಿನಿಂದ ಮೂಡಕ್ಕೆ ಸಾಗುತ್ತಿದೆ ಎನ್ನೋಣ. ಮಳೆಗಾಲದ ಬಿರುಸಿನ ದಿನಗಳಿಗೆ ಇದು ಹೆಚ್ಚೇನಲ್ಲ. ಗುಣಿಸಿದರೆ ಸೆಕೆಂಡಿಗೆ 48 ಸಾವಿರ ಟನ್ ನೀರು. ಗಂಗಾ ಬ್ರಹ್ಮಪುತ್ರಗಳೆರಡೂ ಸೇರಿ ಸರಾಸರಿಯಲ್ಲಿ ಬಂಗಾಳ ಕೊಲ್ಲಿಗೆ ಸುರಿಯುವ ನೀರಿಗಿಂತ ಕಡಿಮೆಯಿಲ್ಲದ ಪ್ರವಾಹ ಕಾಪು, ಮಲ್ಪೆ, ಕುಂದಾಪುರ, ಬೈಂದೂರುಗಳ ಮೇಲೆ ಹಾದು ಹೋಗುತ್ತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಈಗ ಅದರಲ್ಲಿ ಎಷ್ಟು ನಮಗೆ ಬೀಳುತ್ತದೆ ನೋಡಿ. ಜಿಲ್ಲೆಯ ವಿಸ್ತೀರ್ಣ ಸುಮಾರು 3,600 ಚದರ ಕಿಲೋಮೀಟರ್. ಇಡೀ ಜಿಲ್ಲೆಗೆ ಒಂದು ದಿನ 100 ಮಿಲಿಮೀಟರ್ ಮಳೆಯಾಯಿತು, ಶಾಲೆಗಳಿಗೆ ರಜೆ ಕೊಟ್ಟರು ಎಂದುಕೊಳ್ಳಿ. ಬಿದ್ದ ನೀರನ್ನು ಸೆಕೆಂಡಿನ ಲೆಕ್ಕಕ್ಕೆ ತಂದರೆ 4 ಸಾವಿರ ಟನ್ ಚಿಲ್ಲರೆ. ಅಂದರೆ ಅಂಥ ದಿನವೂ ನಮ್ಮ ಮೇಲೆ ಹಾದುಹೋದ ಆವಿಯಲ್ಲಿ ಹತ್ತನೆಯ ಒಂದು ಭಾಗ ಕೂಡ ನೆಲಕ್ಕೆ ಇಳಿದಿರುವುದಿಲ್ಲ. ಉಳಿದದ್ದು ಘಟ್ಟ ದಾಟಿ ಹೋಗಿರುತ್ತದೆ. ನನ್ನ ಮಟ್ಟಿಗೆ ನಮ್ಮ ಮಳೆಯ ಬಗ್ಗೆ ತಿಳಿದಿರಬೇಕಾದ ಅತಿ ದೊಡ್ಡ ಸಂಗತಿ ಇದೇ. ಮಳೆ ಹೆಚ್ಚು ಕಡಿಮೆ ಆಗುವುದನ್ನು ತೇವ ಎಷ್ಟಿದೆ ಎಂಬುದರಿಂದ ಮಾತ್ರ ವಿವರಿಸಲು ಹೊರಟರೆ ದಾರಿ ತಪ್ಪುತ್ತದೆ. ಹೊಳೆ ಎತ್ತ ಹರಿಯುತ್ತಿದೆ, ಎಲ್ಲಿ ಮೇಲಕ್ಕೆ ಏಳುತ್ತಿದೆ ಎಂಬುದನ್ನು ಕೇಳಬೇಕು.

ಹೊಳೆಯ ಮೂಲ ಬಹಳ ದೂರದಲ್ಲಿದೆ. ಮಡಗಾಸ್ಕರಿನ ಮೂಡಕ್ಕೆ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಮಸ್ಕರೀನ್ ದ್ವೀಪಗಳ ಹೆಸರು ಹೊತ್ತ ಅಧಿಕ ಒತ್ತಡದ ಪ್ರದೇಶವಿದೆ. ಅಲ್ಲಿ ಚಳಿಗಾಲ, ಇಲ್ಲಿ ಬೇಸಿಗೆ. ಅಲ್ಲಿಂದ ಹೊರಟ ಗಾಳಿ ಸಾಗರದ ಮೇಲೆ ತೇವ ಹೀರುತ್ತ ಬಂದು ಕೀನ್ಯಾದ ಬಳಿ ಭೂಮಧ್ಯರೇಖೆ ದಾಟುತ್ತದೆ. ಪೂರ್ವ ಆಫ್ರಿಕದ ಎತ್ತರದ ನೆಲ ಅದನ್ನು ಪಶ್ಚಿಮಕ್ಕೆ ಹೋಗಗೊಡುವುದಿಲ್ಲ. ಭೂಮಿಯ ತಿರುಗುವಿಕೆ ಬಲಕ್ಕೆ ತಿರುಗಿಸುತ್ತದೆ. ಸೊಮಾಲಿಯದ ಹತ್ತಿರ, ನೆಲದಿಂದ ಒಂದು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅದು ಭಾರಿ ವೇಗದ ಪಟ್ಟಿಯಾಗಿ ಅರಬ್ಬಿ ಸಮುದ್ರದ ಮೇಲೆ ನುಗ್ಗುತ್ತದೆ. 1969ರಲ್ಲಿ ಇದನ್ನು ವಿವರವಾಗಿ ಬರೆದವರು ಬ್ರಿಟನ್ನಿನ ಹವಾಮಾನ ತಜ್ಞ ಫಿಂಡ್‌ಲೇಟರ್. ಸೊಮಾಲಿಯದ ಬಳಿಯಿಂದ ನಮ್ಮ ದಡಕ್ಕೆ ಮೂರು ನಾಲ್ಕು ದಿನದ ದಾರಿ.

ನಮಗೆ ಬರುವ ನೀರಿನಲ್ಲಿ ಅರಬ್ಬಿ ಸಮುದ್ರದ್ದು ಎಷ್ಟು, ಭೂಮಧ್ಯರೇಖೆಯ ಆಚೆಯದು ಎಷ್ಟು ಎಂಬುದು ಬಹುಕಾಲದ ಚರ್ಚೆ. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಮೀಕ್ಷೆಯ ಅಂಕಿಗಳನ್ನು ಹಿಡಿದು, ಭಾರತದ ಹವಾಮಾನ ವಿಜ್ಞಾನದ ಹಿರಿಯರಾದ ಪಿ. ಆರ್. ಪಿಷಾರೊಟಿ 1965ರಲ್ಲಿ ಅರಬ್ಬಿ ಸಮುದ್ರದ ಪಾಲೇ ದೊಡ್ಡದು ಎಂದರು. ಕಡಲ ಮೇಲಿನ ಅಳತೆಗಳು ಆಗ ಬಹಳ ವಿರಳ. ಮುಂದೆ 1975ರ ಮಳೆಗಾಲದ ಅಂಕಿಗಳನ್ನು ಇಟ್ಟುಕೊಂಡು ಫ್ರೆಂಚ್ ವಿಜ್ಞಾನಿಗಳಿಬ್ಬರು 1981ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಪಶ್ಚಿಮ ಕರಾವಳಿಯನ್ನು ದಾಟುವ ಆವಿಯಲ್ಲಿ ಸುಮಾರು ಶೇ. 70 ದಕ್ಷಿಣಾರ್ಧ ಗೋಳದ್ದು, ಶೇ. 30 ಅರಬ್ಬಿ ಸಮುದ್ರದ್ದು ಎಂದು ಬಂತು. ಈ ಪ್ರಮಾಣ ವರ್ಷದಿಂದ ವರ್ಷಕ್ಕೆ, ವಾರದಿಂದ ವಾರಕ್ಕೆ ಬದಲಾಗುತ್ತದೆ. ಆದರೂ ಸ್ವರ್ಣಾ ನದಿಯಲ್ಲಿ ಜುಲೈಯಲ್ಲಿ ಹರಿಯುವ ನೀರಿನ ದೊಡ್ಡ ಪಾಲು ಒಂದು ವಾರದ ಹಿಂದೆ ಭೂಮಧ್ಯರೇಖೆಯ ಆಚೆಗಿತ್ತು ಎನ್ನುವುದು ನನಗೆ ಇಂದಿಗೂ ಬೆರಗಿನ ವಿಷಯ.

ಇನ್ನು ಘಟ್ಟ. ಮಲ್ಪೆಯಿಂದ ಆಗುಂಬೆಗೆ ನೇರ ಗೆರೆ ಎಳೆದರೆ 45 ಕಿಲೋಮೀಟರ್. ಮೇಲೆ ಹೇಳಿದ ವೇಗದಲ್ಲಿ ಗಾಳಿಗೆ ಅದು ಒಂದೂವರೆ ಗಂಟೆಯ ಹಾದಿ. ಸೋಮೇಶ್ವರದ ಬುಡದಿಂದ ಆಗುಂಬೆಯ ನೆತ್ತಿಗೆ ನೆಲ ಒಮ್ಮೆಲೇ 500 ಮೀಟರಿಗೂ ಹೆಚ್ಚು ಏರುತ್ತದೆ. ಏರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ. ತಣಿದ ಗಾಳಿಯಲ್ಲಿ ಆವಿ ಆವಿಯಾಗಿ ಉಳಿಯಲಾರದು: 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ಆವಿ ಇರಬಲ್ಲುದಾದರೆ 20 ಡಿಗ್ರಿಯಲ್ಲಿ 17 ಗ್ರಾಂ ಮಾತ್ರ. ಉಳಿದದ್ದು ಹನಿಯಾಗಿ ಹೊರಬರಲೇಬೇಕು. ಘಟ್ಟದ ಗೋಡೆಗೆ ಎದುರಾದ ಗಾಳಿ ಹಿಂದೆಯೇ ನಿಧಾನಿಸಿ ಒತ್ತೊತ್ತಾಗುವುದರಿಂದ ಈ ಏರಿಕೆ ಕಡಲ ಮೇಲೆಯೇ ಶುರುವಾಗುತ್ತದೆ. ಗುಡ್ಡವೇ ಇಲ್ಲದ ಮಲ್ಪೆಯಲ್ಲೂ ಜಡಿಮಳೆ ಸುರಿಯುವುದಕ್ಕೆ ಇದೂ ಒಂದು ಕಾರಣ.

ಆವಿ ಹನಿಯಾಗುವಾಗ ಬಿಸಿ ಹೊರಬೀಳುತ್ತದೆ. ಕಡಲಿನಲ್ಲಿ ಸೂರ್ಯ ಖರ್ಚು ಮಾಡಿದ ಶಕ್ತಿ ಅದು, ಮೋಡದಲ್ಲಿ ವಾಪಸು ಬರುತ್ತದೆ. ಒಂದು ಲೀಟರಿಗೆ 25 ಲಕ್ಷ ಜೂಲ್. ನಮ್ಮ ಆ 100 ಮಿಲಿಮೀಟರ್ ಮಳೆಯ ದಿನ ಜಿಲ್ಲೆಯ ಮೇಲೆ ಹೀಗೆ ಹೊರಬೀಳುವ ಶಕ್ತಿ, ಎಲ್ಲೂರಿನ 1,200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದಂಥ ಎಂಟು ಸಾವಿರಕ್ಕೂ ಹೆಚ್ಚು ಸ್ಥಾವರಗಳು ದಿನವಿಡೀ ಉತ್ಪಾದಿಸಿದಷ್ಟು. ಮೋಡವನ್ನು ಇನ್ನಷ್ಟು ಮೇಲಕ್ಕೆ ಎಬ್ಬಿಸುವುದು, ಕೆಳಗಿನಿಂದ ಇನ್ನಷ್ಟು ಗಾಳಿ ಎಳೆದುಕೊಳ್ಳುವುದು ಈ ಶಕ್ತಿಯೇ. ಮಳೆ ಮಳೆಯನ್ನು ಕರೆಯುತ್ತದೆ.

ಘಟ್ಟ ಮೋಡಗಳನ್ನು ತಡೆದು ನಿಲ್ಲಿಸುವುದರಿಂದ ಆಚೆ ಬರಗಾಲ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಆ ಪಾಠ ಸ್ವಲ್ಪ ತಿದ್ದುಪಡಿ ಬೇಡುತ್ತದೆ. ಘಟ್ಟ ದಾಟಿದ ಗಾಳಿ ಕೆಳಕ್ಕೆ ಇಳಿಯುತ್ತದೆ, ಇಳಿದಾಗ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಆಗುಂಬೆಯಿಂದ ಮೂಡಕ್ಕೆ ಒಂದೂವರೆ ನೂರು ಕಿಲೋಮೀಟರಿನಲ್ಲಿ ಚಿತ್ರದುರ್ಗ. ವರ್ಷದ ಮಳೆ ಅಲ್ಲಿ 600 ಮಿಲಿಮೀಟರಿನ ಆಸುಪಾಸು. ಅದೇ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಗಳಲ್ಲಿ ಸಾಲು ಸಾಲಾಗಿ ನಿಂತ ಗಾಳಿಯಂತ್ರಗಳು ಅತಿ ಹೆಚ್ಚು ತಿರುಗುವುದು ನಮ್ಮಲ್ಲಿ ಮಳೆ ಸುರಿಯುವ ಜೂನ್, ಜುಲೈ, ಆಗಸ್ಟಿನಲ್ಲಿಯೇ. ಪರ್ಕಳದ ಮೇಲೆ ಹಾದ ಗಾಳಿ ಅಲ್ಲಿ ವಿದ್ಯುತ್ ಕೊಡುತ್ತದೆ, ಮಳೆ ಕೊಡುವುದಿಲ್ಲ. ಆವಿ ಬರಿದಾಗಿರುವುದಿಲ್ಲ, ಅದನ್ನು ಮೇಲಕ್ಕೆ ಎತ್ತುವ ಏರು ಅಲ್ಲಿ ಇಲ್ಲ. ಮುಂದೆ ಅದೇ ಆವಿ ಬಂಗಾಳ ಕೊಲ್ಲಿಗೆ ಹೋಗಿ, ಅಲ್ಲಿನ ವಾಯುಭಾರ ಕುಸಿತಗಳಿಗೆ ಸೇರಿ ಒಡಿಶಾ, ಛತ್ತೀಸಗಢಗಳ ಮೇಲೆ ಸುರಿಯುತ್ತದೆ.

ನಿಮ್ಮ ಸೆಕೆಗೂ ಇದೇ ಉತ್ತರ. ಮೇ ಕೊನೆಯಲ್ಲಿ ಕರಾವಳಿಯ ನೆಲದ ಹತ್ತಿರದ ಗಾಳಿಯಲ್ಲಿ ಆವಿಗೆ ಕೊರತೆ ಇರುವುದಿಲ್ಲ. ಬಟ್ಟೆ ಒಣಗದಿರುವುದು, ಬೆವರು ಆರದಿರುವುದು ಅದರಿಂದಲೇ. ಆದರೆ ಆ ತೇವದ ಪದರ ತೆಳು. ಅದರ ಮೇಲೆ ಅರೇಬಿಯದ ಮರುಭೂಮಿ ಕಡೆಯಿಂದ ಬಂದ ಬಿಸಿಯಾದ ಒಣ ಗಾಳಿ ಕೂತಿರುತ್ತದೆ. ಕೆಳಗಿನ ಗಾಳಿ ಮೇಲೇರಲು ಹೋದರೆ ಸುತ್ತಲಿನ ಗಾಳಿ ತನಗಿಂತ ಬಿಸಿಯಾಗಿ, ಹಗುರಾಗಿ ಇರುವುದರಿಂದ ಮತ್ತೆ ಕೆಳಕ್ಕೇ ಬೀಳುತ್ತದೆ. ಮೋಡ ಕಟ್ಟಿದಂತಾಗಿ ಚದುರುತ್ತದೆ. ಮುಂಗಾರು ಬಂತು ಎಂದರೆ ಪಶ್ಚಿಮದ ಗಾಳಿ ಬಿರುಸಾಗಿ, ಈ ತೇವದ ಪದರ ಐದಾರು ಕಿಲೋಮೀಟರ್ ದಪ್ಪವಾಯಿತು ಎಂದೇ ಅರ್ಥ. 2023ರಲ್ಲಿ ಇದು ತಡವಾಗಲು ಇನ್ನೊಂದು ಕಾರಣವೂ ಕೂಡಿತು. ಜೂನ್ 6ರ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದಿತು. ನಮ್ಮ ಕಡೆ ಹರಿಯಬೇಕಿದ್ದ ಹೊಳೆಯನ್ನು ತನ್ನ ಸುತ್ತ ತಿರುಗಿಸಿಕೊಂಡು ಜೂನ್ 15ರಂದು ಗುಜರಾತಿನ ದಡ ಸೇರಿತು. ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಬಂದ ಮೇಲೂ ಬಲವಿರಲಿಲ್ಲ.

2020ರ ಸೆಪ್ಟೆಂಬರ್ 19, 20ರಂದು ಆದದ್ದು ಇದರ ತದ್ವಿರುದ್ಧ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ರೂಪುಗೊಳ್ಳುತ್ತಿತ್ತು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಆ ಕುಸಿತ ಪಶ್ಚಿಮದ ಗಾಳಿಯನ್ನು ಜೋರಾಗಿ ಎಳೆಯಿತು, ಎಳೆತಕ್ಕೆ ಸಿಕ್ಕ ಗಾಳಿ ನಮ್ಮ ಘಟ್ಟದ ಎದುರು ಒಟ್ಟುಗೂಡಿತು. ಜಿಲ್ಲೆಯ ಕೆಲವು ಕಡೆ ಒಂದೇ ದಿನದಲ್ಲಿ 300 ಮಿಲಿಮೀಟರ್ ದಾಟಿತು. ಮೇಲಿನ ಗಾಳಿಯಲ್ಲಿ ಇರುವುದು 60 ಮಿಲಿಮೀಟರ್ ಎಂಬುದನ್ನು ನೆನಪಿಡಿ. ಇದ್ದ ಆವಿಯನ್ನೆಲ್ಲ ಸುರಿಸಿ ಐದು ಬಾರಿ ಪೂರ್ತಿ ಹೊಸದಾಗಿ ತುಂಬಿದರೆ ಅಷ್ಟಾಗುತ್ತದೆ. ಗಾಳಿ ತನ್ನಲ್ಲಿರುವುದನ್ನೆಲ್ಲ ಎಂದೂ ಸುರಿಸುವುದಿಲ್ಲವಾದ್ದರಿಂದ ನಿಜದಲ್ಲಿ ಅದು ಇನ್ನೂ ಎಷ್ಟೋ ಬಾರಿ ಬದಲಾಗಿರುತ್ತದೆ. ಆ ರಾತ್ರಿ ಉಡುಪಿಯ ಕಲ್ಸಂಕದಲ್ಲಿ ನಿಂತ ನೀರು ಹಿಂದಿನ ಸಂಜೆ ಊರಿನ ಮೇಲೆ ಇರಲಿಲ್ಲ, ಕಡಲ ಮೇಲೆ ನೂರಾರು ಕಿಲೋಮೀಟರ್ ಪಡುವಿಗೆ ಇತ್ತು.

ಎರಡನೆಯ ಪ್ರಶ್ನೆಗೆ ಬರೋಣ. ವರ್ಷದಿಂದ ವರ್ಷಕ್ಕೆ ಏಕೆ ಹೀಗೆ? ನೀವು ಹೇಳಿದ 2023ರ ಜೊತೆಗೆ 2019ನ್ನು ಇಟ್ಟು ನೋಡುವುದು ಒಳ್ಳೆಯದು, ಏಕೆಂದರೆ ಎರಡರ ಆರಂಭ ಅಚ್ಚರಿಯೆನಿಸುವಷ್ಟು ಒಂದೇ ಥರ. 2019ರಲ್ಲೂ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. ಆಗಲೂ ಅರಬ್ಬಿ ಸಮುದ್ರದಲ್ಲಿ ಒಂದು ಚಂಡಮಾರುತ, ವಾಯು. ಆ ಬೇಸಿಗೆಯಲ್ಲೂ ಬಜೆ ಬತ್ತಿ ಉಡುಪಿ ಮಣಿಪಾಲಗಳು ನೀರಿಗೆ ಪರದಾಡಿದ್ದವು. ದೇಶದ ಜೂನ್ ಮಳೆ ಶೇ. 33ರಷ್ಟು ಕಡಿಮೆ ಬಿತ್ತು. ಆದರೆ ಆಗಸ್ಟ್ ಮೊದಲ ಎರಡು ವಾರಗಳಲ್ಲಿ ಬೆಳ್ತಂಗಡಿ, ಕೊಡಗು, ಬೆಳಗಾವಿಗಳು ನೆರೆಯಲ್ಲಿ ಮುಳುಗಿದವು. ಋತು ಮುಗಿದಾಗ ದೇಶದ ಮಳೆ ವಾಡಿಕೆಯ ಶೇ. 110. ಇತ್ತ 2023ರ ಆಗಸ್ಟ್ 1901ರಿಂದ ಈಚೆಗಿನ ಅತ್ಯಂತ ಒಣ ಆಗಸ್ಟ್ ಆಯಿತು, ಕೊರತೆ ಶೇ. 36. ಕರ್ನಾಟಕದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು.

ವ್ಯತ್ಯಾಸ ಮಾಡಿದ್ದು ಎರಡು ಮಹಾಸಾಗರಗಳ ಉಷ್ಣತೆ. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಹೊಣೆ ಹೊತ್ತ ಗಣಿತಜ್ಞ ಗಿಲ್ಬರ್ಟ್ ವಾಕರ್, ನಮ್ಮ ಬರಗಳ ಮುನ್ಸೂಚನೆ ಹುಡುಕುತ್ತ ಜಗತ್ತಿನ ವಾಯುಭಾರದ ಅಂಕಿಗಳನ್ನು ಜಾಲಾಡಿದರು. ಶಾಂತ ಸಾಗರದ ಎರಡು ಕಡೆಯ ಒತ್ತಡಗಳು ಒಂದು ಏರಿದರೆ ಇನ್ನೊಂದು ಇಳಿಯುವುದನ್ನು ಕಂಡವರು ಅವರು. ಎಲ್ ನಿನೊ ವರ್ಷಗಳಲ್ಲಿ ಶಾಂತ ಸಾಗರದ ನಡು ಮತ್ತು ಪೂರ್ವ ಭಾಗ ಬಿಸಿಯೇರುತ್ತದೆ, ಗಾಳಿ ಮೇಲೇಳುವ ಜಾಗ ಅತ್ತ ಸರಿಯುತ್ತದೆ, ನಮ್ಮ ಭಾಗದಲ್ಲಿ ಗಾಳಿ ಕೆಳಕ್ಕೆ ಇಳಿಯುವ ಪ್ರವೃತ್ತಿ ಹೆಚ್ಚುತ್ತದೆ. ಆವಿ ಇದ್ದರೂ ಏಳಲು ಎಡೆ ಸಿಗುವುದಿಲ್ಲ. 2023ರಲ್ಲಿ ಎಲ್ ನಿನೊ ತಿಂಗಳಿಂದ ತಿಂಗಳಿಗೆ ಬಲಗೊಳ್ಳುತ್ತಿತ್ತು. 2019ರಲ್ಲಿದ್ದ ದುರ್ಬಲ ಎಲ್ ನಿನೊ ಮಳೆಗಾಲದ ನಡುವಿಗೆ ಕರಗಿತು. ಅದರ ಜೊತೆಗೆ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ, ಇಂಡೋನೇಷ್ಯದ ಬದಿ ತಣ್ಣಗಾಗಿ ಎರಡರ ನಡುವಿನ ಅಂತರ ದಾಖಲೆಯ ಮಟ್ಟ ಮುಟ್ಟಿ ನಮ್ಮ ಮಳೆಗೆ ನೆರವಾಯಿತು. ಈ ತಕ್ಕಡಿಯಾಟವನ್ನು ಹಿಂದೂ ಮಹಾಸಾಗರದ ದ್ವಿಧ್ರುವ ಎನ್ನುತ್ತಾರೆ. ಅದನ್ನು 1999ರಲ್ಲಿ ಜಗತ್ತಿಗೆ ತೋರಿಸಿದ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಪಿ. ಎನ್. ವಿನಯಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು.

ಆದರೂ ಎಲ್ ನಿನೊ ಎಂಬ ಹೆಸರು ಕೇಳಿದ ಕೂಡಲೇ ಬರ ಖಚಿತ ಎಂದು ಹೆದರಬೇಕಾಗಿಲ್ಲ. 1997ರಲ್ಲಿ ಶತಮಾನದ ಅತಿ ಬಲವಾದ ಎಲ್ ನಿನೊಗಳಲ್ಲಿ ಒಂದು ಬಂದಾಗ ದೇಶದ ಮಳೆ ಶೇ. 102 ಇತ್ತು. ಅದಕ್ಕಿಂತ ಎಷ್ಟೋ ಸಣ್ಣದಾದ 2002ರ ಎಲ್ ನಿನೊ ವರ್ಷದ ಜುಲೈಯಲ್ಲಿ ದೇಶದ ಮಳೆ ವಾಡಿಕೆಯ ಅರ್ಧವನ್ನೂ ಮುಟ್ಟಲಿಲ್ಲ. ಇಡೀ ಋತುವಿಗಿಂತ ಚಿಕ್ಕ ಏರಿಳಿತವೂ ಒಂದಿದೆ. ಡಿ. ಆರ್. ಸಿಕ್ಕಾ ಮತ್ತು ಬೆಂಗಳೂರಿನ ಸುಲೋಚನಾ ಗಾಡ್ಗೀಳ್ 1980ರಲ್ಲಿ ಉಪಗ್ರಹ ಚಿತ್ರಗಳನ್ನು ದಿನದಿನವೂ ಜೋಡಿಸಿ ನೋಡಿ, ಮೋಡಗಳ ದೊಡ್ಡ ಪಟ್ಟಿಗಳು ಕೆಲವು ವಾರಗಳಿಗೊಮ್ಮೆ ಭೂಮಧ್ಯರೇಖೆಯ ಕಡೆಯಿಂದ ಉತ್ತರಕ್ಕೆ ಸರಿಯುತ್ತವೆ ಎಂದು ತೋರಿಸಿದರು. ಪಟ್ಟಿ ನಮ್ಮ ಮೇಲಿರುವಾಗ ಪುನರ್ವಸು ಪುಷ್ಯಗಳು ಬಿಡದೆ ಹೊಡೆಯುತ್ತವೆ, ಪಟ್ಟಿ ದಾಟಿದಾಗ ಆಟಿಯಲ್ಲೂ ಬಿಸಿಲು. ಮಳೆಗಾಲದ ಏಣೆಲು ಬೆಳೆಯ ಬೇಸಾಯಗಾರ ನಕ್ಷತ್ರದ ಹೆಸರಿನಲ್ಲಿ ಗುರುತಿಸುವ ಏರಿಳಿತವನ್ನು ಅವರು ಚಿತ್ರಗಳಲ್ಲಿ ಹಿಡಿದರು.

ಇದಕ್ಕೆಲ್ಲ ಈಗ ಒಂದು ಹೊಸ ಅಂಶ ಸೇರಿಕೊಂಡಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರಲ್ಲಿ ಇರಬಲ್ಲ ಆವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಹಿಂದೂ ಮಹಾಸಾಗರದ ಮೇಲ್ಮೈ ಕಳೆದ ನೂರು ವರ್ಷಗಳಲ್ಲಿ ಹತ್ತಿರ ಹತ್ತಿರ ಒಂದು ಡಿಗ್ರಿ ಬಿಸಿಯಾಗಿದೆ. ಹಾಗೆಂದು ಮಳೆ ಎಲ್ಲ ಕಡೆ ಶೇ. 7 ಹೆಚ್ಚಾಗುವುದಿಲ್ಲ, ಏಕೆಂದರೆ ಗಾಳಿಯ ಓಟ ಅದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ. ಆವಿ ಮೇಲೇಳುವ ಗಳಿಗೆ ಕೂಡಿಬಂದಾಗ ಮಾತ್ರ ಮೊದಲಿಗಿಂತ ಹೆಚ್ಚು ಸುರಿಯುತ್ತದೆ. ಕೂಡಿಬರದ ದಿನಗಳು ಹಾಗೆಯೇ ಉಳಿಯುತ್ತವೆ ಅಥವಾ ಹೆಚ್ಚುತ್ತವೆ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯ ಭಾರತದಲ್ಲಿ ವ್ಯಾಪಕವಾಗಿ ಸುರಿಯುವ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾದವು. ಅದಕ್ಕೆ ಅವರು ಕೊಟ್ಟ ಕಾರಣ, ಅರಬ್ಬಿ ಸಮುದ್ರದಿಂದ ತೇವ ಆಗಾಗ ಒಮ್ಮೆಲೇ ನುಗ್ಗುವುದು. ಅಲ್ಲಿಗೆ ಹೋಗುವ ತೇವ ಪಶ್ಚಿಮ ಕರಾವಳಿಯನ್ನು ದಾಟಿಯೇ ಹೋಗಬೇಕು.

ಕಾಡಿನ ಬಗ್ಗೆ ಕೇಳಿದ್ದೀರಿ. ಈ ಉತ್ತರ ಕೆಲವರಿಗೆ ರುಚಿಸದಿರಬಹುದು. ಜೂನ್ ಜುಲೈಯಲ್ಲಿ ಕರಾವಳಿಗೆ ಬರುವ ಗಾಳಿ ಕಡಲಿನಿಂದಲೇ ತುಂಬಿಕೊಂಡು ಬಂದಿರುತ್ತದೆ. ಕುದುರೆಮುಖದ, ಸೋಮೇಶ್ವರದ ಮರಗಳು ಬಿಡುವ ಆವಿಯ ಪಾಲು ನಮ್ಮ ಮುಂಗಾರಿನಲ್ಲಿ ಸಣ್ಣದು. 2023ರ ಜೂನ್ ಕೈಕೊಟ್ಟದ್ದಕ್ಕೂ 2020ರ ನೆರೆಗೂ ಕಾಡನ್ನು ಕಾರಣ ಮಾಡಲಾಗದು. ಘಟ್ಟದ ಕಾಡು ಮಳೆಯ ಲೆಕ್ಕದಲ್ಲಿ ಬರುವುದು ಆಚೆ ಬದಿಯಲ್ಲಿ: ಎಲೆಗಳಿಂದ ಹೊರಟ ಆವಿ ಗಾಳಿಯ ಜೊತೆ ಮೂಡಕ್ಕೆ ಹೋಗಿ ತಮಿಳುನಾಡಿನ ಮುಂಗಾರು ಮಳೆಗೆ ಗಣನೀಯ ಪಾಲು ಕೊಡುತ್ತದೆ, ಮಳೆ ಕೊರತೆಯ ವರ್ಷಗಳಲ್ಲಿ ಆ ಪಾಲು ಇನ್ನೂ ಹೆಚ್ಚು ಎಂದು ಮುಂಬೈ ಐಐಟಿಯ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.

ನಮಗೆ ಕಾಡು ಬೇಕಾಗಿರುವುದು ಮಳೆ ಬಿದ್ದ ಮೇಲೆ. ಕರಾವಳಿಯ ವರ್ಷದ ಮಳೆಯಲ್ಲಿ ಐದರಲ್ಲಿ ನಾಲ್ಕು ಪಾಲು ನಾಲ್ಕೇ ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಪರ್ಕಳ ಮಣಿಪಾಲಗಳ ಮುರಕಲ್ಲಿನ ಗುಡ್ಡಗಳಲ್ಲಿ ಇಂಗಿದ ನೀರು ಬಹುಬೇಗ ಬಸಿದು ತೋಡು ಸೇರುತ್ತದೆ. ಡಿಸೆಂಬರಿನಿಂದ ಮೇ ವರೆಗೆ ಸ್ವರ್ಣೆಯಲ್ಲಿ ಹರಿಯುವುದು ಕಾರ್ಕಳದ ಮೇಲಿನ ಘಟ್ಟದ ಇಳಿಜಾರುಗಳಲ್ಲಿ, ಕಾಡಿನ ಮಣ್ಣಿನಲ್ಲಿ ಇಂಗಿ ನಿಧಾನವಾಗಿ ಹೊರಬರುವ ಹಿಂದಿನ ಮಳೆಗಾಲದ ನೀರು. ಬಜೆಯ ದಾಸ್ತಾನು ಜೂನ್ ಮೊದಲ ವಾರದವರೆಗೆ ಸಾಕಾಗುತ್ತದೆ ಎಂಬ ನಂಬಿಕೆಯ ಮೇಲೆ ಊರು ನಡೆಯುತ್ತದೆ. 2025ರಂತೆ ಪತ್ತನಾಜೆಯ ಹೊತ್ತಿಗೇ, ಮೇ 24ಕ್ಕೆ, ಮುಂಗಾರು ಕೇರಳ ಮುಟ್ಟಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. 2019, 2023ರಂತೆ ಒಂದು ಚಂಡಮಾರುತ ಹೊಳೆಯನ್ನು ಹತ್ತು ದಿನ ಬೇರೆಡೆ ತಿರುಗಿಸಿದರೆ ಟ್ಯಾಂಕರಿಗೆ ಕಾಯಬೇಕಾಗುತ್ತದೆ. ಆ ಹತ್ತು ದಿನದ ನೀರನ್ನು ಮೊದಲೇ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಹಿಂದಿನವರು ಮಾಡಿಟ್ಟ ಮದಗಗಳು, ಮಣಿಪಾಲದ ಮಣ್ಣಪಳ್ಳದಂಥ ಕೆರೆಗಳು, ಹೊಳೆಗೆ ಅಲ್ಲಲ್ಲಿ ಹಲಗೆ ಹಾಕುವ ಕಿಂಡಿ ಅಣೆಕಟ್ಟುಗಳು ಇವೆ. ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುವ ಕೆಲಸ ಹೊಳೆಯಲ್ಲಿ ಇನ್ನೂ ಹರಿವು ಇರುವಾಗಲೇ, ಮಳೆಗಾಲ ಮುಗಿದ ಬೆನ್ನಿಗೇ ಆಗಬೇಕು. ಜನವರಿಗೆ ಮುಂದೂಡಿದರೆ ಹಿಡಿದಿಡಲು ನೀರೇ ಇರುವುದಿಲ್ಲ.